‘ಕಿಡ್’ ಅಂದರೆ ಆಡಿನ ಮರಿ: ಪೋ ಕಥೆಯ ಈ ಶ್ಲೇಷೆಯನ್ನು ಕನ್ನಡಕ್ಕೆ ತರೋದು ಹೇಗೆ?

ಶರಾವತಿ:
ಎಲ್ಲರಿಗೂ ನಮಸ್ಕಾರ. ಒಂದು ತಲೆನೋವು ಹೊತ್ತು ಬಂದಿದ್ದೀನಿ. ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋನ ‘ದಿ ಗೋಲ್ಡ್ ಬಗ್’ ಕಥೆಯನ್ನ ಕನ್ನಡಕ್ಕೆ ಮಾಡ್ತಾ ಇದ್ದೀನಿ. ಯಾರೂ ಕೇಳಿಲ್ಲ, ದುಡ್ಡೂ ಇಲ್ಲ, ಸುಮ್ನೆ ಹಠ. ಮುಕ್ಕಾಲು ಮುಗಿದಿದೆ, ಈಗ ಒಂದು ಆಡಿನ ಮರಿ ಅಡ್ಡ ಮಲಗಿದೆ.

ಓದದೇ ಇರೋರಿಗೆ: 1843ರಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯೊಂದರ ಸ್ಪರ್ಧೆಯಲ್ಲಿ 100 ಡಾಲರ್ ಬಹುಮಾನ ಗೆದ್ದ ಕಥೆ ಇದು. ದಕ್ಷಿಣ ಕೆರೊಲಿನಾದ ಸಲ್ಲಿವನ್ಸ್ ದ್ವೀಪದಲ್ಲಿ ಲೆಗ್ರಾಂಡ್ ಅನ್ನೋ ಒಬ್ಬ ದಿವಾಳಿ ಮನುಷ್ಯ ಇರ್ತಾನೆ. ಅವನಿಗೆ ಒಂದು ಚರ್ಮದ ಹಾಳೆ ಸಿಗುತ್ತೆ. ಬೆಂಕಿಯ ಶಾಖ ತಾಗಿದಾಗ ಅದರ ಒಂದು ಮೂಲೆಯಲ್ಲಿ ತಲೆಬುರುಡೆ ಮೂಡುತ್ತೆ, ಕರ್ಣರೇಖೆಯಲ್ಲಿ ಎದುರು ಮೂಲೆಯಲ್ಲಿ ಒಂದು ಪ್ರಾಣಿ. ‘ಮೊದಲು ಆಡು ಅಂದ್ಕೊಂಡೆ, ಸರಿಯಾಗಿ ನೋಡಿದ್ರೆ ಆಡಿನ ಮರಿ’ ಅಂತಾನೆ. ಗೆಳೆಯ ನಗ್ತಾನೆ: ‘ಎರಡೂ ಹೆಚ್ಚುಕಡಿಮೆ ಒಂದೇ ಅಲ್ವಾ?’ ಇವನ ಉತ್ತರ: ‘ಹೆಚ್ಚುಕಡಿಮೆ ಒಂದೇ, ಪೂರ್ತಿ ಒಂದೇ ಅಲ್ಲ. ಕ್ಯಾಪ್ಟನ್ ಕಿಡ್ ಅನ್ನೋನ ಹೆಸರು ಕೇಳಿರಬೇಕಲ್ಲ ನೀನು.’ ಅಂದರೆ ಆ ಮರಿಯ ಚಿತ್ರವೇ ಕಡಲುಗಳ್ಳ ಕಿಡ್‌ನ ರುಜು.

ಇಷ್ಟಾದರೆ ಒಂದು ಅಡಿಟಿಪ್ಪಣಿ ಹಾಕಿ ಪಾರಾಗಬಹುದಿತ್ತು. ಆದರೆ ಹಾಳೆಯ ಮೇಲೆ ಅಂಕಿ, ಚಿಹ್ನೆಗಳ ಗುಪ್ತಲಿಪಿ ಇದೆ. ಅದನ್ನ ಬಿಡಿಸೋಕೆ ಮೊದಲು ಯಾವ ಭಾಷೆ ಅಂತ ಗೊತ್ತಾಗಬೇಕಲ್ಲ? ಲೆಗ್ರಾಂಡ್ ಹೇಳೋದು: ಈ ಶ್ಲೇಷೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಆಗೋದಿಲ್ಲ, ಹಾಗಾಗಿ ಗುಪ್ತಲಿಪಿಯೂ ಇಂಗ್ಲಿಷೇ, ಈ ಸುಳಿವು ಸಿಗದಿದ್ದರೆ ಸ್ಪ್ಯಾನಿಷ್, ಫ್ರೆಂಚ್‌ನಿಂದ ಶುರು ಮಾಡ್ತಿದ್ದೆ ಅಂತ. ತಮಾಷೆಯೇ ಬೀಗದ ಕೈ! ಅದನ್ನ ಕೆಳಗಿಳಿಸಿ ಟಿಪ್ಪಣಿಗೆ ಹಾಕಿದರೆ ಬೀಗ ಕನ್ನಡದಲ್ಲಿ, ಕೀ ಇಂಗ್ಲಿಷಿನಲ್ಲಿ. ಏನು ಮಾಡಲಿ?

ತಿಂಡಿಪೋತ:
ಅಡಿಟಿಪ್ಪಣಿ ಹಾಕಿ ಮೇಡಂ. ಮುಗೀತು.

ಶರಾವತಿ:
@ತಿಂಡಿಪೋತ ಜೋಕ್ ಹೇಳಿ ಆಮೇಲೆ ವಿವರಿಸಿದ್ರೆ ನೀವು ನಗ್ತೀರಾ?

ತಿಂಡಿಪೋತ:
ಆಫೀಸಲ್ಲಿ ಬಾಸ್ ಹೇಳಿದ್ರೆ ನಗ್ತೀನಿ.

ಕುಡ್ಲದ ಕಾಕ:
ಮಾರಾಯ್ರೆ, ನಮ್ಮ ಬೀದಿಯಲ್ಲಿ ‘ಕಿಡ್ಸ್’ ಅಂತ ಬೋರ್ಡ್ ಹಾಕಿದ ನಾಲ್ಕು ಶಾಲೆ ಉಂಟು, ಆಡಿನ ಮರಿ ಒಂದೂ ಇಲ್ಲ. ಈಗಿನ ಓದುಗನಿಗೆ ಕಿಡ್ ಅಂದ್ರೆ ಮಗು. ‘ಕಿಡ್‌ನ ರುಜು ಆಡಿನ ಮರಿ’ ಅಂತ ಬರೆದ್ರೆ ಅವನು ಇನ್ನೂ ಗೊಂದಲಕ್ಕೆ ಬೀಳ್ತಾನೆ. ಟಿಪ್ಪಣಿ ಹಾಕುದಾದ್ರೂ ಅದಕ್ಕೊಂದು ಟಿಪ್ಪಣಿ ಬೇಕಾದೀತು.

ಹಳೇ ಮೇಷ್ಟ್ರು:
ನಮ್ಮ ಹಿರಿಯರು ಇಂಥ ಕಡೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ ಕಣಮ್ಮಾ. ರೂಪಾಂತರ ಮಾಡಿಬಿಡುತ್ತಿದ್ದರು. ಬಸಪ್ಪಶಾಸ್ತ್ರಿಗಳ ಕೈಯಲ್ಲಿ ಒಥೆಲೊ ‘ಶೂರಸೇನ’ ಆದ, ಯಾರೂ ವೆನಿಸ್ ಎಲ್ಲಿ ಹೋಯಿತು ಅಂತ ಕೇಳಲಿಲ್ಲ. ನೀವೂ ದ್ವೀಪವನ್ನು ನಮ್ಮ ಕರಾವಳಿಗೆ ತನ್ನಿ, ಕಡಲುಗಳ್ಳನಿಗೆ ಬೇರೆ ಹೆಸರಿಡಿ, ಹೆಸರಿಗೆ ತಕ್ಕ ಪ್ರಾಣಿ ಬರೆಯಿರಿ.

ಕನ್ನಡದಲ್ಲೇ ಒಂದು ಸೊಗಸು ಇದೆಯಲ್ಲ, ಗಮನಿಸಿದಿರಾ? ಹಾಳೆಯ ಮೂಲೆಯಲ್ಲಿ ಮರಿ ಬೇಡ, ದೊಡ್ಡ ಆಡೇ ಇರಲಿ. ‘ಆಡು’ ಪ್ರಾಣಿಯೂ ಹೌದು, ‘ಮಾತಾಡು’ ಎನ್ನುವ ಕ್ರಿಯೆಯೂ ಹೌದು. ಚಿತ್ರ ನೋಡಿದವನಿಗೆ ಹೊಳೆಯಬೇಕು: ಇದು ಕಣ್ಣಲ್ಲಿ ಓದುವ ಲಿಪಿ ಅಲ್ಲ, ಬಾಯಲ್ಲಿ ಆಡಿದರೆ ಬಿಡಿಸಿಕೊಳ್ಳುವ ಲಿಪಿ, ಆಡುಮಾತಿನದು. ‘ಈ ಶ್ಲೇಷೆ ಕನ್ನಡದಲ್ಲಿ ಮಾತ್ರ ಸಾಧ್ಯ, ಹಾಗಾಗಿ ಗುಪ್ತಲಿಪಿ ಕನ್ನಡದ್ದೇ’ ಎಂದು ನಿಮ್ಮ ಲೆಗ್ರಾಂಡ್ ಹೇಳಲಿ.

ಶರಾವತಿ:
ಸರ್!! ಇದನ್ನ ಓದಿ ಒಂದು ನಿಮಿಷ ಸುಮ್ನೆ ಕೂತೆ.

ಹೊಸೂರು ಬಸ್ಸು:
ಮೇಷ್ಟ್ರೇ ಚೆನ್ನಾಗಿದೆ, ಆದ್ರೆ ‘ಕನ್ನಡದಲ್ಲಿ ಮಾತ್ರ’ ಅನ್ನೋದು ತಪ್ಪು. ನಮ್ಮನೇಲಿ ಅರ್ಧ ತಮಿಳು. ತಮಿಳಲ್ಲೂ ಆಡು ಅಂದ್ರೆ ಆಡೇ, ಜೊತೆಗೆ ಆಟ ಆಡು, ಕುಣಿ ಅಂತಾನೂ ಅರ್ಥ. ನಿಮ್ಮ ಪತ್ತೇದಾರ ಕನ್ನಡ ಅಂತ ಹೊರಟು ತಮಿಳು ಗುಪ್ತಲಿಪಿ ಮುಂದೆ ಬಾಯಿ ಬಿಟ್ಕೊಂಡು ಕೂರ್ತಾನೆ.

ಹಳೇ ಮೇಷ್ಟ್ರು:
ಆಯಿತಪ್ಪ, ಎರಡು ಭಾಷೆಗೆ ಇಳಿಯಿತಲ್ಲ. ಅವನಿಗೂ ಮೊದಲು ಮೂರು ಭಾಷೆಯ ಅನುಮಾನ ಇತ್ತು.

ಕುಡ್ಲದ ಕಾಕ:
ತುಳುವಿನಲ್ಲಿ ಏಡ್. ನಾವು ಬಚಾವ್.

ಬಿಸಿಲು ಕುದುರೆ:
ನಾನು ಒಪ್ಪಲ್ಲ. ರೂಪಾಂತರ ಮಾಡಿದರೆ ಕಥೆ ಸತ್ತುಹೋಗುತ್ತೆ. ಈ ಕಥೆ ಅಲ್ಲಿನ ಮಣ್ಣಿಗೆ ಅಂಟಿಕೊಂಡಿದೆ. ಪೋ ಸುಳ್ಳು ಹೆಸರಲ್ಲಿ ಸೈನ್ಯ ಸೇರಿ 1827-28ರಲ್ಲಿ ಅದೇ ದ್ವೀಪದ ಫೋರ್ಟ್ ಮೌಲ್ಟ್ರಿಯಲ್ಲಿ ಇದ್ದವನು. ಕಿಡ್ ಕೂಡ ನಿಜವಾದ ಮನುಷ್ಯ, 1701ರಲ್ಲಿ ಲಂಡನ್ನಿನಲ್ಲಿ ನೇಣಿಗೆ ಹಾಕಿದರು. ಹೂತಿಟ್ಟ ಅವನ ನಿಧಿಯ ಕಥೆ ಅಮೆರಿಕದ ಪೂರ್ವ ಕರಾವಳಿ ಉದ್ದಕ್ಕೂ ಜನರ ಬಾಯಲ್ಲಿ ಇತ್ತು. ಅವನನ್ನ ತೆಗೆದು ಇನ್ಯಾರನ್ನೋ ತಂದರೆ ಆ ಕಾಲದ ಓದುಗರು ಹೆಸರು ಕೇಳಿದ ತಕ್ಷಣ ‘ಓಹೋ’ ಅಂದಿದ್ದರಲ್ಲ, ಅದು ಹೋಯಿತು.

ಲೆಗ್ರಾಂಡ್ ಬಾಯಲ್ಲೇ ಇನ್ನೊಂದು ವಾಕ್ಯ ಸೇರಿಸಿ: ‘ಆಡಿನ ಮರಿಗೆ ನಾವು ಕಿಡ್ ಅಂತೀವಲ್ಲ.’ ಅಷ್ಟೇ ಸಾಕು.

ಶರಾವತಿ:
ಇದೂ ಯೋಚಿಸಿದ್ದೆ. ಆದರೆ ಒಬ್ಬ ಅಮೆರಿಕದವನು ಇನ್ನೊಬ್ಬ ಅಮೆರಿಕದವನಿಗೆ ‘ಮರಿಗೆ ನಾವು ಕಿಡ್ ಅಂತೀವಿ’ ಅನ್ನೋದು, ನಾನು ನಿಮಗೆ ‘ನಾಯಿಮರಿಗೆ ನಾವು ನಾಯಿಮರಿ ಅಂತೀವಿ’ ಅಂದ ಹಾಗೆ ಆಗಲ್ವಾ?

ಬಿಸಿಲು ಕುದುರೆ:
ಆಗುತ್ತೆ. ಆದರೆ ಲೆಗ್ರಾಂಡ್ ಇಡೀ ಕಥೆಯಲ್ಲಿ ಮಾಡೋದೇ ಅದು, ಗೊತ್ತಿರೋದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿ ಗೆಳೆಯನ ತಲೆ ತಿನ್ನೋದು. ಅವನ ಸ್ವಭಾವಕ್ಕೆ ಹೊಂದುತ್ತೆ, ಯಾರಿಗೂ ಅನುಮಾನ ಬರಲ್ಲ.

ಮೊಳೆ ಮಾಧು:
ಶೀರ್ಷಿಕೆ ಏನು ಇಟ್ಟಿದೀರಿ ಅಕ್ಕಾ?

ಶರಾವತಿ:
‘ಚಿನ್ನದ ಜೀರುಂಡೆ’.

ಮೊಳೆ ಮಾಧು:
‘ಚಿನ್ನದ ಹುಳ’ ಮಾಡಿ. ಕಥೆಯಲ್ಲಿ ಲೆಗ್ರಾಂಡ್‌ನ ಕೆಲಸದವನು ಏನಂತಾನೆ? ಯಜಮಾನನಿಗೆ ಚಿನ್ನದ ಹುಳ ಕಚ್ಚಿದೆ, ಅದಕ್ಕೇ ಹೀಗಾಡ್ತಾನೆ ಅಂತ. ನಮ್ಮಲ್ಲಿ ತಲೆಗೆ ಹುಳ ಬಿಡೋದು, ತಲೇಲಿ ಹುಳ ಕೊರೆಯೋದು ಎಲ್ಲ ರೆಡಿ ಇದೆ. ಜೀರುಂಡೆ ಯಾರ ತಲೆಗೂ ಹೋಗಲ್ಲ.

ಶರಾವತಿ:
ತಗೊಂಡೆ. ಮೂರು ತಿಂಗಳಿಂದ ಇದು ನನಗೆ ಹೊಳೀಲೇ ಇಲ್ಲ ನೋಡಿ.

ಧಾರವಾಡದ ಗೆಳತಿ:
ಆ ಕೆಲಸದವನ ಮಾತು ಬಂತಲ್ಲ, ಒಂದ ಮಾತ ಹೇಳ್ತೀನ್ರಿ. ಜುಪಿಟರ್ ಅಂತ ಅವನ ಹೆಸರು, ಬಿಡುಗಡೆ ಆದ ಗುಲಾಮ, ಆದ್ರೂ ಯಜಮಾನನ್ನ ಬಿಟ್ಟು ಹೋಗಂಗಿಲ್ಲ. ಪೋ ಅವನ ಬಾಯಾಗ ಒಡಕು ಇಂಗ್ಲಿಷ್ ಹಾಕಿ ನಗಸ್ತಾನ. ಹುಳದ ಮೀಸಿಗೆ ಲೆಗ್ರಾಂಡ್ ‘ಆಂಟೆನ್ನೇ’ ಅಂದ್ರ ಇವ ‘ಟಿನ್’ ಅಂತ ಕೇಳಿಸ್ಕೊಂಡು ‘ಅದ್ರಾಗ ತವರ ಇಲ್ಲ, ಪೂರಾ ಬಂಗಾರ’ ಅಂತಾನ. ಅದೂ ಶ್ಲೇಷೆನೇ ಖರೆ, ಆದ್ರ ಪೋ ನಗೋದು ಆ ಮನಷ್ಯಾನ್ನ ನೋಡಿ. ಅನುವಾದ ಮಾಡೋವ್ರು ಇಂಥಾ ಪಾತ್ರ ಬಂದ ಕೂಡ್ಲೆ ಉತ್ತರ ಕರ್ನಾಟಕದ ಭಾಷಾ ತಂದು ಅವರ ಬಾಯಾಗ ಇಡ್ತಾರ. ದಯವಿಟ್ಟು ಹಂಗ ಮಾಡಬ್ಯಾಡ್ರಿ. ಯಜಮಾನಗ ಮೈಸೂರು ಕನ್ನಡ, ಆಳಿಗೆ ನಮ್ಮ ಕನ್ನಡ, ಇದ್ಯಾವ ನ್ಯಾಯ?

ಶರಾವತಿ:
ತಪ್ಪು ಒಪ್ಕೋತೀನಿ ಅಕ್ಕಾ. ನನ್ನ ಮೊದಲ ಕರಡಿನಲ್ಲಿ ನೀವು ಹೇಳಿದ್ದೇ ಇದೆ. ಬದಲಾಯಿಸ್ತೀನಿ.

ಬಿಸಿಲು ಕುದುರೆ:
ಇದಕ್ಕೆ ಸೇರಿಸೋದು ಒಂದಿದೆ. ಹಡಗಲ್ಲಿ ತುಂಬಿ ತಂದ ಆಫ್ರಿಕಾದ ಜನರನ್ನ ಮಾರೋಕೆ ಮುಂಚೆ, ರೋಗ ಇದೆಯಾ ನೋಡೋಕೆ ಅಂತ ಕೂಡಿಹಾಕ್ತಿದ್ದ ಜಾಗ ಅದೇ ಸಲ್ಲಿವನ್ಸ್ ದ್ವೀಪ. ಕಥೆಯಲ್ಲಿ ಮರ ಇದೆ, ಮರಳಿದೆ, ಚಿಪ್ಪು ಇದೆ, ಅದೊಂದು ಇಲ್ಲ. ನಿಜವಾದ ಗುಪ್ತಲಿಪಿ ಅಲ್ಲಿದೆ ಅನ್ನಿಸುತ್ತೆ ನನಗೆ.

ಅಂಕಿಗಣಪ:
ನಾನು ಲೆಕ್ಕದ ಕಡೆಯಿಂದ ಬರ್ತೀನಿ, ಯಾಕಂದ್ರೆ ಕಥೆಯ ಜೀವ ಅಲ್ಲಿದೆ. ಲೆಗ್ರಾಂಡ್ ಚಿಹ್ನೆಗಳನ್ನ ಎಣಿಸ್ತಾನೆ. 8 ಅನ್ನೋದು 33 ಸಲ ಬಂದಿದೆ, ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರೋ ಅಕ್ಷರ ‘ಇ’, ಹಾಗಾಗಿ 8 ಅಂದ್ರೆ ‘ಇ’. ಆಮೇಲೆ ;48 ಅನ್ನೋ ಗುಂಪು ಏಳು ಸಲ ಬರುತ್ತೆ, ಕೊನೇಲಿ 8 ಇರೋದ್ರಿಂದ ಅದು ‘ದಿ’ (ಟಿ-ಎಚ್-ಇ) ಅನ್ನೋ ಪದ. ಒಂದೇ ಏಟಿಗೆ ಮೂರು ಅಕ್ಷರ ಸಿಕ್ತು. ಮುಂದೆ ;48;(88 ಅಂತ ಇದೆ. ಗೊತ್ತಿರೋದು ಹಾಕಿದ್ರೆ ‘ದಿ ಟಿ-ಖಾಲಿ-ಇ-ಇ’. ಖಾಲಿ ಜಾಗಕ್ಕೆ ‘ಆರ್’ ಇಟ್ರೆ ‘ಟ್ರೀ’, ಮರ! ಹೀಗೆ ಒಂದರ ಬಾಲ ಹಿಡಿದು ಇನ್ನೊಂದು.

ಮಜಾ ಏನಂದ್ರೆ ಪೋ ಕೊಟ್ಟಿರೋ ಪಟ್ಟಿ ತಪ್ಪು. ಇ, ಎ, ಓ, ಐ, ಡಿ, ಎಚ್, ಎನ್, ಆರ್, ಎಸ್, ಟಿ ಅಂತ ಬರೀತಾನೆ. ‘ಟಿ’ಗೆ ಹತ್ತನೇ ಜಾಗ! ಇಂಗ್ಲಿಷಿನಲ್ಲಿ ‘ಇ’ ಆದ್ಮೇಲೆ ‘ಟಿ’ನೇ ಎರಡನೆಯದು. ಅವನದೇ ಗುಪ್ತಲಿಪಿಯಲ್ಲಿ ‘ಟಿ’ಗೆ ಇಟ್ಟಿರೋ ಅರ್ಧವಿರಾಮ 26 ಸಲ ಬಂದು ಎರಡನೇ ಜಾಗದಲ್ಲಿದೆ. ಮೇಲೆ ಬರೆದ ಪಟ್ಟಿಯನ್ನ ಕೆಳಗಿನ ಲೆಕ್ಕ ಸುಳ್ಳು ಮಾಡುತ್ತೆ, ಲೆಗ್ರಾಂಡ್ ಮಾತ್ರ ಏನೂ ಆಗದೋನ ಥರ ಮುಂದೆ ಹೋಗ್ತಾನೆ.

ತಿಂಡಿಪೋತ:
ನಮ್ಮ ಮ್ಯಾಥ್ಸ್ ಮೇಷ್ಟ್ರೂ ಹೀಗೇ, ಬೋರ್ಡಲ್ಲಿ ತಪ್ಪು ಸ್ಟೆಪ್ ಬರೆದು ಸರಿ ಉತ್ತರ ತರ್ತಿದ್ರು.

ಅಂಕಿಗಣಪ:
ಈಗ ಕನ್ನಡಕ್ಕೆ ಬನ್ನಿ. ಶರಾವತಿಯವರು ಗುಪ್ತಲಿಪಿಯನ್ನೂ ಕನ್ನಡಕ್ಕೆ ತರೋಕೆ ಹೊರಟ್ರೆ ಏನಾಗುತ್ತೆ ಅಂತ ನೋಡೋಕೆ ನಿನ್ನೆ ರಾತ್ರಿ ದಿನಪತ್ರಿಕೆಯ ಒಂದು ಕಾಲಂ ಇಟ್ಕೊಂಡು ಎಣಿಸೋಕೆ ಕೂತೆ. ಮೊದಲ ಸಾಲಲ್ಲೇ ಜಗಳ. ಏನನ್ನ ಎಣಿಸೋದು? ‘ಕಿ’ ಒಂದು ಅಕ್ಷರವಾ, ಕ್ ಮತ್ತು ಇ ಎರಡಾ? ‘ಸ್ತ್ರೀ’ ಒಂದಾ ನಾಲ್ಕಾ? ಒಂದು ಅಂತ ಹೋದ್ರೆ ನೂರಾರು ಚಿಹ್ನೆ ಬೇಕು, ಕಡಲುಗಳ್ಳ ಸತ್ತೇ ಹೋಗ್ತಾನೆ. ಬಿಡಿಸಿ ಬರೆದ್ರೆ ಅ-ಕಾರದ ಕಥೆ ಏನು? ‘ಮರ’ ಅಂತ ಬರೆದಾಗ ಎರಡು ಅ ಇದೆ, ಕಣ್ಣಿಗೆ ಒಂದೂ ಕಾಣಲ್ಲ. ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಬರೋ ಸ್ವರವನ್ನ ನಾವು ಬರೆಯೋದೇ ಇಲ್ಲ! ಪೋನ ‘ಇ’ ಥರ ಅದನ್ನ ಹಿಡ್ಕೊಂಡು ಬಾಗಿಲು ತೆಗೆಯೋಕೆ ಆಗಲ್ಲ.

‘ದಿ’ ಥರದ ಪದವೂ ಇಲ್ಲ. ನಮ್ಮ ಸುಳಿವು ಇರೋದು ಪದದ ಬಾಲದಲ್ಲಿ: ಅನ್ನು, ಅಲ್ಲಿ, ಇಂದ, ಉತ್ತದೆ. ಕನ್ನಡದ ಲೆಗ್ರಾಂಡ್ ಹಿಂದಿನಿಂದ ಓದಬೇಕಾಗುತ್ತೆ.

ಹಳೇ ಮೇಷ್ಟ್ರು:
ಹಿಂದಿನಿಂದ ಓದುವುದು ನಮಗೇನು ಹೊಸದಲ್ಲ. ಕಟಪಯಾದಿ ನೋಡಿ, ಅಕ್ಷರಕ್ಕೆ ಅಂಕಿ ಕೊಡುವ ಹಳೆಯ ಪದ್ಧತಿ. ಧೀರಶಂಕರಾಭರಣ ರಾಗದ ಹೆಸರಿನಲ್ಲಿ ಧೀ ಅಂದರೆ 9, ರ ಅಂದರೆ 2. ತಿರುಗಿಸಿದರೆ 29, ರಾಗಗಳ ಪಟ್ಟಿಯಲ್ಲಿ ಅದರ ಮೇಳಕರ್ತ ಸಂಖ್ಯೆ ಅದೇ.

ನಿಧಿ ಶೋಧಕ:
ಕನ್ನಡದ ಸಿರಿಭೂವಲಯ ಗ್ರಂಥದ ಮುಂದೆ ಈ ಪೋ ಗೀ ಎಲ್ಲ ಯಾವ ಲೆಕ್ಕ ಸ್ವಾಮಿ? 27ಕ್ಕೆ 27 ಮನೆ, ಒಳಗೆ 1ರಿಂದ 64ರವರೆಗೆ ಅಂಕಿ ಮಾತ್ರ. ಅದರಲ್ಲಿ ಅಣುವಿಜ್ಞಾನ, ವಿಮಾನ, ವೈದ್ಯ...

ನಿರ್ವಾಹಕ:
ಸಿರಿಭೂವಲಯಕ್ಕೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ಜಗಳ ನಡೀತಿದೆ. ದಯವಿಟ್ಟು ಅಲ್ಲೇ ಮುಂದುವರಿಸಿ.

ನಿಧಿ ಶೋಧಕ:
ನಮ್ಮದು ಹೇಳಿದ್ರೆ ಬೇರೆ ಎಳೆ. ಅಮೆರಿಕದ ಆಡಿನ ಮರಿಗೆ ಕೆಂಪು ಹಾಸು.

ಮೊಳೆ ಮಾಧು:
ಪೋನ ಇನ್ನೊಂದು ಕಥೆ ಯಾರೂ ಎತ್ತಲಿಲ್ಲ, ನನ್ನ ಅಚ್ಚುಮೆಚ್ಚಿನದು. ‘ಎಕ್ಸಿಂಗ್ ಎ ಪ್ಯಾರಾಗ್ರಾಬ್’, 1849ರದ್ದು. ಒಬ್ಬ ಸಂಪಾದಕನ ಬರವಣಿಗೇಲಿ ‘ಓ’ ಅಕ್ಷರ ಜಾಸ್ತಿ ಅಂತ ಎದುರು ಪತ್ರಿಕೆಯವನು ಗೇಲಿ ಮಾಡ್ತಾನೆ. ಇವನು ಸಿಟ್ಟಿಗೆದ್ದು ಬೇಕಂತಲೇ ಓ-ಓ-ಓ ತುಂಬಿಸಿ ಒಂದು ಪ್ಯಾರಾ ಬರೆದು ಅಚ್ಚಿಗೆ ಕಳಿಸ್ತಾನೆ. ಪ್ರೆಸ್ಸಿನ ಹುಡುಗ ಅಚ್ಚುಮೊಳೆ ಇಡೋ ಕೇಸಿಗೆ ಕೈ ಹಾಕಿದ್ರೆ ‘ಓ’ ಮೊಳೆ ಒಂದೂ ಇಲ್ಲ, ಎದುರಾಳಿಯ ಕಡೆಯ ಹುಡುಗ ಎತ್ಕೊಂಡು ಹೋಗಿದ್ದಾನೆ. ಮೊಳೆ ಸಿಗದಿದ್ರೆ ಆ ಜಾಗಕ್ಕೆ ‘ಎಕ್ಸ್’ ಹಾಕೋದು ಅವರ ರೂಢಿ. ಮಾರನೇ ದಿನ ಪತ್ರಿಕೆ ತುಂಬ ಎಕ್ಸ್, ಊರಿನವರಿಗೆ ಅದು ಯಾವುದೋ ಭಯಂಕರ ಗುಪ್ತಲಿಪಿ ಥರ ಕಂಡು ಗಲಾಟೆ.

ನಮ್ಮಪ್ಪನದು ಟ್ರೆಡಲ್ ಪ್ರೆಸ್ ಇತ್ತು, ಚಿಕ್ಕ ಊರು. ಮದುವೆ ಸೀಸನ್ ಬಂತು ಅಂದ್ರೆ ‘ಶ್ರೀ’ ಖಾಲಿ. ಒಂದೊಂದು ಲಗ್ನಪತ್ರಿಕೆಯಲ್ಲಿ ಶ್ರೀ, ಶ್ರೀಮತಿ, ಚಿ, ಚಿ.ಸೌ ಎಷ್ಟು ಬರುತ್ತೆ ಲೆಕ್ಕ ಹಾಕಿ. ಮೊಳೆ ಜೋಡಿಸೋವಾಗ ಶ್ರೀ ಮುಗಿದ್ರೆ ಬೇರೆ ಯಾವುದೋ ಮೊಳೆಯನ್ನ ತಲೆಕೆಳಗೆ ನಿಲ್ಲಿಸೋರು, ಮೊದಲ ಪತ್ರಿಕೆ ಅಚ್ಚಾಗಿ ಮೊಳೆ ಬಿಚ್ಚಿದ ಮೇಲೆ ಅಲ್ಲಿಗೆ ಶ್ರೀ ತಂದು ಕೂರಿಸೋಣ ಅಂತ. ಒಂದು ಸಲ ಕೂರಿಸೋದು ಮರೆತೇ ಹೋಯ್ತು. ಹುಡುಗಿಯ ತಾತನ ಹೆಸರಿನ ಮುಂದೆ ಶ್ರೀ ಬದಲು ಒಂದು ಕಪ್ಪು ಚೌಕ. ಇನ್ನೂರು ಪತ್ರಿಕೆ ಹಂಚಿಯಾಗಿತ್ತು. ಊರೆಲ್ಲ ಕೇಳಿದ್ದು ಒಂದೇ: ‘ಅಜ್ಜ ಹೋಗ್ಬಿಟ್ರಾ?’ ತಾತ ಬದುಕಿದ್ರು. ಕೋಲು ಹಿಡ್ಕೊಂಡು ನಮ್ಮ ಪ್ರೆಸ್ಸಿಗೆ ಬಂದಿದ್ರು.

ಕುಡ್ಲದ ಕಾಕ:
ಪೋ ಇದ್ದಿದ್ರೆ ಆ ಅಜ್ಜನ ಮೇಲೆ ಒಂದು ಕಥೆ ಬರೀತಿದ್ದ. ಗೋಡೆ ಒಳಗೆ ಹಾಕಿ.

ಸಿಯಾಟಲ್ ಸೀನ:
ಗೋಡೆ ಅಂದಿದ್ದಕ್ಕೆ ನೆನಪಾಯ್ತು. ಪೋನ ‘ಕ್ಯಾಸ್ಕ್ ಆಫ್ ಅಮೊಂಟಿಯಾಡೊ’ ಕಥೆಯಲ್ಲಿ ‘ಮೇಸನ್’ ಮೇಲೆ ಆಟ ಇದೆ, ಒಂದು ರಹಸ್ಯ ಸಂಘದವನು, ಗಾರೆ ಕೆಲಸದವನು, ಎರಡೂ ಅರ್ಥ. ಬಲಿಯಾಗೋನು ಕೇಳೋದು ನೀನು ಆ ರಹಸ್ಯ ಸಂಘದ ಮೇಸನ್ನಾ ಅಂತ, ಕೊಲೆಗಾರ ‘ಹೌದು’ ಅಂತ ಅಂಗಿ ಒಳಗಿಂದ ಗಾರೆ ಕರಣೆ ತೆಗೆದು ತೋರಿಸ್ತಾನೆ. ಸ್ವಲ್ಪ ಹೊತ್ತಲ್ಲಿ ಅದೇ ಕರಣೆಯಿಂದ ಅವನನ್ನ ಗೋಡೆಗೆ ಹಾಕಿ ಮುಚ್ತಾನೆ. ಮೊದಲ ಸಲ ಓದಿದಾಗ ನಗು ಬಂತು, ಎರಡನೇ ಸಲ ಕೈ ತಣ್ಣಗಾಯ್ತು.

ಅಂಕಿಗಣಪ:
ಪೋಗೆ ಇದು ಬರೀ ಕಥೆಯ ಹುಚ್ಚಲ್ಲ. 1839-40ರಲ್ಲಿ ಫಿಲಡೆಲ್ಫಿಯಾದ ಒಂದು ವಾರಪತ್ರಿಕೆಯಲ್ಲಿ ‘ಯಾರು ಬೇಕಾದ್ರೂ ಗುಪ್ತಲಿಪಿ ಕಳಿಸಿ, ಬಿಡಿಸ್ತೀನಿ’ ಅಂತ ಸವಾಲು ಹಾಕಿದ್ದ. 1841ರಲ್ಲಿ ಗ್ರಹಾಮ್ಸ್ ಮ್ಯಾಗಜಿನ್‌ನಲ್ಲಿ ಇದರ ಮೇಲೆ ಲೇಖನ ಬರೆದ, ಅದೇ ವರ್ಷ ಡಿಸೆಂಬರ್‌ನಲ್ಲಿ ಡಬ್ಲ್ಯು. ಬಿ. ಟೈಲರ್ ಅನ್ನೋರು ಕಳಿಸಿದ್ದು ಅಂತ ಎರಡು ಗುಪ್ತಲಿಪಿ ಅಚ್ಚು ಮಾಡಿದ. ಅವು 150 ವರ್ಷ ಹಾಗೇ ಬಿದ್ದಿದ್ವು. ಮೊದಲನೆಯದನ್ನ 1992ರಲ್ಲಿ ಟೆರೆನ್ಸ್ ವೇಲನ್ ಬಿಡಿಸಿದ್ರೆ ಒಳಗಿದ್ದದ್ದು ಆಡಿಸನ್‌ನ ‘ಕೇಟೊ’ ನಾಟಕದ ಸಾಲು. ಎರಡನೆಯದು 2000ದಲ್ಲಿ, ಟೊರಾಂಟೊದ ಸಾಫ್ಟ್‌ವೇರ್ ಎಂಜಿನಿಯರ್ ಗಿಲ್ ಬ್ರೋಜಾ ಬಿಡಿಸಿದ್ರು. ಟೈಲರ್ ಅಂದ್ರೆ ಪೋನೇ ಇರಬಹುದು ಅಂತ ಎಷ್ಟೋ ಜನ ಆಸೆಪಟ್ಟಿದ್ರು. ಎರಡನೆಯದರ ಒಳಗೆ ಸಿಕ್ಕಿದ ಗದ್ಯ ನೋಡಿದ್ರೆ ಪೋನ ಕೈ ಅನ್ನಿಸಲ್ಲ.

ಸಿಯಾಟಲ್ ಸೀನ:
ಇದಕ್ಕೆ ಭಾರತದ ಕೊಂಡಿ ಇದೆ, ಗೊತ್ತಾ? ವಿಲಿಯಂ ಫ್ರೀಡ್‌ಮನ್ ಅಂತ ಅಮೆರಿಕದ ದೊಡ್ಡ ಗುಪ್ತಲಿಪಿ ತಜ್ಞ. ಚಿಕ್ಕ ಹುಡುಗನಾಗಿದ್ದಾಗ ಈ ಹುಳದ ಕಥೆ ಓದಿಯೇ ಇದರ ಹುಚ್ಚು ಹತ್ತಿದ್ದು. ದೊಡ್ಡವನಾದ ಮೇಲೆ, ಮೊದಲ ಮಹಾಯುದ್ಧದ ಹೊತ್ತಿಗೆ, ಅವನ ಮೇಜಿಗೆ ಬಂದದ್ದು ಬ್ರಿಟಿಷರ ವಿರುದ್ಧ ಅಮೆರಿಕದಿಂದ ಹೋರಾಡ್ತಿದ್ದ ಗದರ್ ಕ್ರಾಂತಿಕಾರಿಗಳ ಕಾಗದಗಳು. ನಮ್ಮವರು ಒಂದು ಪುಸ್ತಕ ಇಟ್ಕೊಂಡು ಪುಟ, ಸಾಲು ಅಂತ ಅಂಕಿ ಹಾಕಿ ಬರೀತಿದ್ರು. ಆ ಪುಸ್ತಕ ಯಾವುದು ಅಂತ ಗೊತ್ತಿಲ್ಲದೇನೇ ಅವನು ಬಹುಪಾಲು ಬಿಡಿಸಿಬಿಟ್ಟ. 1917-18ರ ಸ್ಯಾನ್ ಫ್ರಾನ್ಸಿಸ್ಕೊ ವಿಚಾರಣೆಯಲ್ಲಿ ಅವನೇ ಬಂದು ಸಾಕ್ಷಿ ಹೇಳಿದ. ಆ ವಿಚಾರಣೆಯ ಕೊನೇ ದಿನ ಕೋರ್ಟಿನ ಒಳಗೇ ಗುಂಡು ಹಾರಿ ಗದರ್ ನಾಯಕ ರಾಮಚಂದ್ರ ಸತ್ತ, ಅದು ಬೇರೆ ಕಥೆ. ಪೋ ಓದಿದ ಒಬ್ಬ ಹುಡುಗ ನಮ್ಮವರನ್ನ ಜೈಲಿಗೆ ಹಾಕಿಸಿದ ಅಂತ ಯೋಚಿಸಿದ್ರೆ ನನಗೆ ಆ ಆಡಿನ ಮರಿ ಮೇಲೆ ಸ್ವಲ್ಪ ಸಿಟ್ಟೇ ಬರುತ್ತೆ.

ನಿಧಿ ಶೋಧಕ:
ನೋಡಿ, ಈಗ ಭಾರತ ಬಂತು. ಆಗ ಮಾತ್ರ ನಿರ್ವಾಹಕರು ಮಲಗಿದ್ದಾರೆ.

ಬಿಸಿಲು ಕುದುರೆ:
ಅದೇ ಫ್ರೀಡ್‌ಮನ್ ಗಂಡಹೆಂಡತಿ ಇನ್ನೊಂದು ಒಳ್ಳೆ ಕೆಲಸ ಮಾಡಿದ್ದಾರೆ, ನಿಧಿ ಶೋಧಕರು ಓದಲೇಬೇಕಾದದ್ದು. 19ನೇ ಶತಮಾನದ ಅಮೆರಿಕದಲ್ಲಿ ಎಲ್ಲ ಕಡೆ ಗುಪ್ತಲಿಪಿ ಕಾಣೋ ಕಾಯಿಲೆ ಜೋರಾಗಿತ್ತು. ಡೀಲಿಯಾ ಬೇಕನ್ ಅನ್ನೋ ಹೆಂಗಸು ಶೇಕ್ಸ್‌ಪಿಯರ್ ನಾಟಕ ಬೇರೆಯವರು ಬರೆದದ್ದು ಅಂತ 1857ರಲ್ಲಿ ಪುಸ್ತಕ ತಂದಳು, ಅದಕ್ಕೆ ಮುನ್ನುಡಿ ಬರೆದವರು ಯಾರು ಗೊತ್ತೇ? ನಮ್ಮ ‘ಸ್ಕಾರ್ಲೆಟ್ ಲೆಟರ್’ ಕಾದಂಬರಿಯ ಹಾಥಾರ್ನ್! 1888ರಲ್ಲಿ ಡಾನೆಲಿ ಅನ್ನೋ ರಾಜಕಾರಣಿ ಪದಗಳನ್ನ ಎಣಿಸಿ ಎಣಿಸಿ, ನಾಟಕದ ಒಳಗೆ ಶೇಕ್ಸ್‌ಪಿಯರ್ ಕಾಲದ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ ಬರೆದಿಟ್ಟ ಗುಟ್ಟು ಇದೆ ಅಂತ ದಪ್ಪ ಪುಸ್ತಕ ಹಾಕಿದ. ಫ್ರೀಡ್‌ಮನ್ ದಂಪತಿ ಪರಿಚಯ ಆದದ್ದೇ ಇಲಿನಾಯ್‌ನಲ್ಲಿ ಇಂಥ ಬೇಕನ್ ಗುಟ್ಟು ಹುಡುಕೋ ಕೆಲಸದಲ್ಲಿ. ಕೊನೆಗೆ 1957ರಲ್ಲಿ ಇಬ್ಬರೂ ಸೇರಿ, ಇದರಲ್ಲಿ ಯಾವುದೂ ನಿಲ್ಲೋದಿಲ್ಲ ಅಂತ ಪುಸ್ತಕ ಬರೆದರು. ಅನ್ನ ಹಾಕಿದ ಗುಟ್ಟನ್ನೇ ಒಡೆದರು.

ಧಾರವಾಡದ ಗೆಳತಿ:
ಹಾಥಾರ್ನ್ ಹೆಸರ ಬಂತು, ಅದಕ್ಕ ಹೇಳ್ತೀನಿ. ಅವನ ಕಾದಂಬರ್ಯಾಗ ರಾತ್ರಿ ಉಲ್ಕೆ ಬಿದ್ದು ಆಕಾಶದಾಗ ದೊಡ್ಡ ‘ಎ’ ಮೂಡತದ. ಪಾದ್ರಿ ತನ್ನ ಹಾದರದ (ಅಡಲ್ಟರಿ) ಪಾಪಾನ ಮ್ಯಾಲೆ ಬರದಾರ ಅಂತ ನಡಗತಾನ. ಮರುದಿನ ಚರ್ಚಿನ ಆಳು ಬಂದು, ‘ರಾತ್ರಿ ಗವರ್ನರ್ ತೀರ್ಕೊಂಡ್ರಲ್ಲ, ಏಂಜೆಲ್ ಆದ್ರು ಅಂತ ಆಕಾಶದಾಗ ಎ ಬಂದಿತ್ತು’ ಅಂತಾನ. ಗುಪ್ತಲಿಪಿ ಹುಡಕೋವ್ರಿಗೆ ಇದಕ್ಕಿಂತ ಚಲೋ ಚಿಮಟಿಗಿ ಇಲ್ಲ.

ಬಿಸಿಲು ಕುದುರೆ:
ಅಕ್ಕಾ, ಸರಿಯಾಗಿ ಹೇಳಿದ್ರಿ. ನನ್ನ ಮಟ್ಟಿಗೆ ಆ ಶತಮಾನದ ಅತಿ ದೊಡ್ಡ ಗುಪ್ತಲಿಪಿ ಮೆಲ್ವಿಲ್‌ನ ‘ಬೆನಿಟೊ ಸೆರೆನೊ’, 1855. ಅಮೆರಿಕದ ಕ್ಯಾಪ್ಟನ್ ಡೆಲಾನೊ ಒಂದು ಸ್ಪ್ಯಾನಿಷ್ ಗುಲಾಮರ ಹಡಗು ಹತ್ತುತ್ತಾನೆ. ಅಲ್ಲಿ ಗುಲಾಮರು ದಂಗೆ ಎದ್ದು ಹಡಗು ಹಿಡಿದಾಗಿದೆ, ಹಳೇ ಯಜಮಾನರ ಕೈಯಲ್ಲಿ ಯಜಮಾನರ ನಾಟಕ ಆಡಿಸುತ್ತಿದ್ದಾರೆ. ಡೆಲಾನೊಗೆ ಏನೂ ಹೊಳೆಯೋದಿಲ್ಲ, ಕಪ್ಪು ಜನ ಅಂದರೆ ಪಾಪದವರು, ನಗುನಗುತ್ತಾ ಸೇವೆ ಮಾಡೋರು ಅಂತ ತಲೆಯಲ್ಲಿ ಕೂತಿದೆ. ಒಬ್ಬ ಮುದಿ ನಾವಿಕ ಹಗ್ಗದಲ್ಲಿ ವಿಚಿತ್ರವಾದ ಗಂಟು ಹಾಕ್ತಾ ಕೂತಿರ್ತಾನೆ. ಯಾಕೆ ಅಂದರೆ, ಬೇರೆ ಯಾರಾದರೂ ಬಿಚ್ಚಲಿ ಅಂತ ಅಂತಾನೆ. ಗಂಟನ್ನ ಇವನ ಕೈಗೆ ಎಸೆದು, ಇಂಗ್ಲಿಷಿನಲ್ಲಿ, ಬೇರೆಯವರಿಗೆ ತಿಳಿಯದ ಹಾಗೆ ‘ಬಿಚ್ಚು, ಕತ್ತರಿಸು, ಬೇಗ’ ಅಂತಾನೆ. ಡೆಲಾನೊ ಕೈಯಲ್ಲಿ ಗಂಟು, ತಲೆಯಲ್ಲೂ ಗಂಟು ಇಟ್ಕೊಂಡು ನಿಲ್ತಾನೆ. ಆಗ ಇನ್ನೊಬ್ಬ ಮುದುಕ ಬಂದು, ಅವನು ಅರೆಹುಚ್ಚ ಸ್ವಾಮಿ ಅಂತ ಗಂಟು ಇಸ್ಕೊಂಡು ಸಮುದ್ರಕ್ಕೆ ಎಸೀತಾನೆ.

ಇಲ್ಲಿ ಲೆಗ್ರಾಂಡ್ ಇಲ್ಲ. ಎಣಿಸೋಕೆ ಚಿಹ್ನೆಯೂ ಇಲ್ಲ. ಗುಟ್ಟು ಕೈಗೆ ಬಂದು ಬಿದ್ದಿದೆ, ಓದೋಕೆ ಬರಲಿಲ್ಲ.

ಶರಾವತಿ:
‘ಕಗ್ಗಂಟು’ ಅನ್ನೋ ಪದ ಕನ್ನಡದಲ್ಲಿ ಇರೋದೇ ಈ ಕಥೆಗೋಸ್ಕರ ಅನ್ನಿಸ್ತು. ಬಿಸಿಲು ಕುದುರೆ, ನೀವೇ ಅನುವಾದ ಮಾಡಿ ಇದನ್ನ.

ಬಿಸಿಲು ಕುದುರೆ:
ನನಗೆ ಕಮೆಂಟ್ ಬರೆಯೋದಷ್ಟೇ ಬರೋದು.

ತಿಂಡಿಪೋತ:
ಎಲ್ಲ ಗಂಭೀರ ಆಯ್ತು. ಮಾರ್ಕ್ ಟ್ವೇನ್ ಮಾಡಿದ್ದು ಕೇಳಿ. 1862, ಆಗಿನ್ನೂ ಆ ಹೆಸರೂ ಇಟ್ಕೊಂಡಿರಲಿಲ್ಲ, ನೆವಾಡಾದ ಪತ್ರಿಕೇಲಿ ಕೆಲಸ. ಕಲ್ಲಾಗಿ ಹೋದ ಮನುಷ್ಯನ ದೇಹ ಸಿಕ್ಕಿದೆ ಅಂತ ಸುದ್ದಿ ಬರೆದ. ದೇಹ ಹೇಗೆ ಕೂತಿತ್ತು ಅನ್ನೋದನ್ನ ಚೂರುಚೂರಾಗಿ, ಮಧ್ಯೆ ಮಧ್ಯೆ ಬೇರೆ ಮಾತು ಸೇರಿಸಿ ಬರೆದಿದ್ದಾನೆ. ಬಲ ಹೆಬ್ಬೆರಳು ಮೂಗಿನ ಪಕ್ಕ, ಬೆರಳು ಅಗಲಿಸಿದೆ, ಒಂದು ಕಣ್ಣು ಮುಚ್ಚಿದೆ. ಚೂರುಗಳನ್ನ ಕೂಡಿಸಿ ನಿಮ್ಮ ಮೈ ಮೇಲೇ ಮಾಡಿ ನೋಡಿ. ಕಲ್ಲಿನ ಮನುಷ್ಯ ಓದುಗರಿಗೆ ಅಣಕಿಸ್ತಾ ಕಣ್ಣು ಹೊಡೀತಿದ್ದಾನೆ! ಬೇರೆ ಪತ್ರಿಕೆಗಳು ನಿಜ ಅಂತ ಎತ್ತಿ ಹಾಕಿದ್ವು.

ನಾನು ಆಫೀಸ್ ಕ್ಯಾಬಲ್ಲಿ ಓದ್ತಾ ಮಾಡಿ ನೋಡಿದೆ. ಪಕ್ಕದ ಸೀಟಿನವರು ಈಗ ನನ್ನ ಜೊತೆ ಮಾತಾಡ್ತಿಲ್ಲ.

ಹಳೇ ಮೇಷ್ಟ್ರು:
ಹಹ್ಹಾ. ನಾನೂ ಮಾಡಿ ನೋಡಿದೆ, ಮನೆಯಲ್ಲಿ ಮೊಮ್ಮಗಳು ನೋಡಿಬಿಟ್ಟಳು.

ಕುಡ್ಲದ ಕಾಕ:
ಶರಾವತಿಯವರೆ, ಆ ಗುಪ್ತಲಿಪಿ ಬಿಡಿಸಿದ ಮೇಲೆ ಬರುವ ವಾಕ್ಯ ಕನ್ನಡದಲ್ಲಿ ಹೇಗೆ ಮಾಡಿದ್ದೀರಿ?

ಶರಾವತಿ:
‘ಬಿಷಪ್ಪನ ಹಾಸ್ಟೆಲಿನಲ್ಲಿ, ಸೈತಾನನ ಪೀಠದಲ್ಲಿ, ಒಳ್ಳೆಯ ಗಾಜು...’ ಅಂತ ಶುರು. ಮೊದಲ ಕರಡಲ್ಲಿ ‘ಒಳ್ಳೆಯ ಲೋಟ’ ಅಂತ ಬರೆದಿದ್ದೆ, ನಗಬೇಡಿ. ನಾವಿಕರ ಬಾಯಲ್ಲಿ ‘ಗ್ಲಾಸ್’ ಅಂದ್ರೆ ದೂರದರ್ಶಕ ಅಂತ ಮುಂದಿನ ಪುಟದಲ್ಲಿ ಲೆಗ್ರಾಂಡೇ ಹೇಳ್ತಾನೆ, ಅಷ್ಟರಲ್ಲಿ ನಾನು ಬಿಷಪ್ಪನ ಹಾಸ್ಟೆಲಲ್ಲಿ ಲೋಟ ಇಟ್ಟು ಬಂದಾಗಿತ್ತು. ಆಮೇಲೆ ‘41 ಡಿಗ್ರಿ 13 ಮಿನಿಟು ಈಶಾನ್ಯಕ್ಕೆ...’

ಅಂಕಿಗಣಪ:
41 ಅಲ್ಲ, 21 ಡಿಗ್ರಿ.

ಶರಾವತಿ:
ನನ್ನ ಪುಸ್ತಕದಲ್ಲಿ 41 ಇದೆ.

ಅಂಕಿಗಣಪ:
ನನ್ನದರಲ್ಲಿ 21. ಈಗ ತೆಗೆದು ನೋಡಿದೆ.

ಬಿಸಿಲು ಕುದುರೆ:
ಇಬ್ಬರೂ ಸರಿ. ಎರಡು ಪಾಠ ಚಾಲ್ತಿಯಲ್ಲಿವೆ. ಅಂಕಿ ಬದಲಾದರೆ ಗುಪ್ತಲಿಪಿಯ ಚಿಹ್ನೆಗಳೂ ಬದಲಾಗುತ್ತವೆ, ಎಣಿಕೆಯೂ ಬದಲಾಗುತ್ತೆ. ಒಂದು ಪುಸ್ತಕದ ಚಿಹ್ನೆ, ಇನ್ನೊಂದರ ಎಣಿಕೆ ಸೇರಿಸಿಬಿಟ್ಟೀರಿ, ಹುಷಾರು.

ಶರಾವತಿ:
ಅಯ್ಯೋ, ನಾನು ಚಿಹ್ನೆಗಳನ್ನ ಇಂಟರ್ನೆಟ್ಟಿಂದ ಕಾಪಿ ಮಾಡಿದ್ದು, ಎಣಿಕೆ ಪುಸ್ತಕದಿಂದ. ಇವತ್ತು ರಾತ್ರಿ ಕೂತು ಒಂದೊಂದೇ ಎಣಿಸಬೇಕು.

ಸರಿ, ಇಲ್ಲಿವರೆಗಿನ ತೀರ್ಮಾನ: ‘ಚಿನ್ನದ ಹುಳ’ ಹೆಸರು ಮಾಧು ಅಣ್ಣಂದು. ಜುಪಿಟರ್‌ಗೆ ಎಲ್ಲರಾಡೋ ಸಾದಾ ಕನ್ನಡ. ಕಿಡ್ ಕಿಡ್ ಆಗೇ ಇರ್ತಾನೆ, ಗುಪ್ತಲಿಪಿ ಇಂಗ್ಲಿಷಿನದೇ. ಮೇಷ್ಟ್ರ ‘ಆಡು’ ಬಿಡೋಕೆ ಮನಸ್ಸೇ ಬರ್ತಿಲ್ಲ, ಅದನ್ನ ಗೆಳೆಯನ ಬಾಯಿಗೆ ಹಾಕಿದೆ. ನೋಡಿ ಹೇಳಿ:

‘ಮೊದಲು ಆಡು ಅಂದುಕೊಂಡೆ. ಆಮೇಲೆ ನೋಡಿದರೆ ಮರಿ.’
‘ಆಡೋ ಮರಿಯೋ, ಆಡಬೇಕಾದ್ದನ್ನು ಬೇಗ ಆಡು ಮಾರಾಯ!’
‘ಮರಿಯೇ. ಮರಿಗೆ ನಮ್ಮ ನಾಲಿಗೆಯಲ್ಲಿ ಏನನ್ನುತ್ತಾರೆ, ಹೇಳು ನೋಡೋಣ.’
‘ಕಿಡ್.’
‘ಕ್ಯಾಪ್ಟನ್ ಯಾರಾದರೂ ನೆನಪಾದರೇ?’

ಹಳೇ ಮೇಷ್ಟ್ರು:
ಗೆಳೆಯನ ಬಾಯಲ್ಲೇ ‘ಕಿಡ್’ ಹೇಳಿಸಿದ್ದು ಚೆನ್ನಾಯಿತು. ವಿವರಣೆ ಅನ್ನಿಸುವುದೇ ಇಲ್ಲ.

ಕುಡ್ಲದ ಕಾಕ:
ಸೌತ್ ಕೆರೊಲಿನಾದವ ‘ಮಾರಾಯ’ ಅಂದದ್ದು ನನಗೆ ಭಾರೀ ಖುಷಿ ಆಯ್ತು.

ಧಾರವಾಡದ ಗೆಳತಿ:
ಚಿತ್ರದಾಗ ಕೊಂಬ ಅದಾವೇನ್ರಿ? ಮರಿ ಅಂದ್ರ ಕೊಂಬ ಇರಬಾರದ.

ಶರಾವತಿ:
ಅದನ್ನ ಪೋ ಹೇಳಿಲ್ಲ ಅಕ್ಕಾ. ಎಣಿಸೋದು ಮುಗಿಸಿ ಬರ್ತೀನಿ, 8 ಈಗ 19ಕ್ಕೆ ಬಂದಿದೆ, ಮಾತಾಡಿಸಬೇಡಿ.

ತಿಂಡಿಪೋತ:
19 ಅಲ್ಲ, 18.

ಶರಾವತಿ:
!!!